ಚೂರಿಯಕ್ಕನ ಎರಡು ಕುಂಡಗಳು

ಬೀಜ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಚೂರಿಯಕ್ಕ ಎಂದು. ಕೈಯಲ್ಲಿ ಸದಾ ಬ್ಲೇಡು ಇರುತ್ತಿತ್ತು, ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳ ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು. ಕಾಯುವುದು ಎಂಬ ವಿದ್ಯೆಯಂತೂ ಅವಳ ಹಣೆಯಲ್ಲೇ ಬರೆದಿರಲಿಲ್ಲ. ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹತ್ತುತ್ತಿದ್ದಳು, ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಲಿಫ್ಟು ಮೊದಲೇ ಬಂದು ನಿಂತಿದ್ದರೆ ಅದನ್ನೂ ಬೈಯುತ್ತಿದ್ದಳು. ಇಂಥವಳಿಗೆ ಗಂಡನಾಗಿ ಸಿಕ್ಕವನು ಬಡಾವಣೆಗೇ ನಿಧಾನಿ ಎನಿಸಿಕೊಂಡ ದರ್ಜಿ. ಒಂದು ತೋಳು ಹೊಲಿಯಲು ಮೂರು ಸಲ ಅಳತೆ ತೆಗೆಯುವವನು, ಕಚ್ಚಾ ಹೊಲಿಗೆ ಹಾಕದೆ ಒಂದು ಜೇಬನ್ನೂ ಮುಟ್ಟದವನು. ಜೋಡಿ ಮಾಡಿದವರು ಯಾರೋ, ಅವರು ಸಿಕ್ಕಿದ್ದರೆ ಅವಳು ಇಷ್ಟು ಹೊತ್ತಿಗೆ ಸರಿಯಾಗಿ ವಿಚಾರಿಸಿಕೊಳ್ಳುತ್ತಿದ್ದಳು.

ಕೆಲಸ ಮಾತ್ರ ಅವಳದು ಬಲು ನಾಜೂಕಿನದು. ಹೆಚ್ಚು ಎಣ್ಣೆ ಇರುವ ಕಡಲೆಕಾಯಿ ತಳಿ ಹುಡುಕುವುದು ಕೇಂದ್ರದ ಉದ್ದೇಶ. ಒಂದು ಬೀಜದಲ್ಲಿ ಎಷ್ಟು ಎಣ್ಣೆ ಇದೆ ಎಂದು ತಿಳಿಯಬೇಕಾದರೆ ಅದನ್ನು ಅರೆದು ನೋಡಬೇಕು. ಅರೆದ ಬೀಜವನ್ನು ಬಿತ್ತುವ ಹಾಗಿಲ್ಲ. ಒಳ್ಳೆಯ ಬೀಜ ಯಾವುದು ಎಂದು ಗೊತ್ತಾಗುವ ಹೊತ್ತಿಗೆ ಅದು ಪುಡಿಯಾಗಿರುತ್ತದೆ. ಈ ತಲೆನೋವಿಗೆ ಮದ್ದೇ ಚೂರಿಯಕ್ಕ. ಬೀಜದ ಒಂದು ತುದಿಯಲ್ಲಿ ಮೊಳಕೆಯ ಮೂಗು ಇರುತ್ತದೆ. ಅದಕ್ಕೆ ತಾಗದಂತೆ ಇನ್ನೊಂದು ತುದಿಯಿಂದ ಬ್ಲೇಡಿನಲ್ಲಿ ಉಗುರಿನಷ್ಟು ಚೂರು ಕೊಯ್ಯುವುದು, ಚೂರನ್ನು ಒಂದು ಟ್ರೇಯ ಗುಳಿಯಲ್ಲಿಡುವುದು, ಉಳಿದ ಬೀಜವನ್ನು ಪಕ್ಕದ ಟ್ರೇಯ ಅದೇ ಗುಳಿಯಲ್ಲಿಡುವುದು. ಚೂರು ಯಂತ್ರಕ್ಕೆ, ಉಳಿದದ್ದು ಮಣ್ಣಿಗೆ. ಕೊಯ್ದ ಗಾಯಕ್ಕೆ ಔಷಧಿಯ ಪುಡಿ ಸವರಿ ಬಿತ್ತಿದರೆ ಬೀಜ ಏನೂ ಆಗಿಲ್ಲವೆಂಬಂತೆ ಮೊಳೆಯುತ್ತದೆ.

ಹೀಗಾಗಿ ಏನನ್ನೇ ಕತ್ತರಿಸಿದರೂ ಉಳಿದದ್ದನ್ನು ಜೋಪಾನವಾಗಿ ಎತ್ತಿಡುವುದು ಅವಳ ಕೈಗೆ ಅಂಟಿದ ಚಾಳಿಯಾಗಿತ್ತು. ಅರ್ಧ ನಿಂಬೆಹಣ್ಣು, ಅರ್ಧ ಮಾತ್ರೆ, ಅರ್ಧ ಸೋಪು, ಎಲ್ಲಕ್ಕೂ ಕಾಗದದ ಪೊಟ್ಟಣ. "ನಮ್ಮದು ಪೂರ್ತಿ ಸಂಸಾರ ಅಲ್ಲ ಕಣೇ, ಅರ್ಧರ್ಧದ್ದು," ಎಂದು ದರ್ಜಿ ಛೇಡಿಸುತ್ತಿದ್ದ.

ಬೀಜಕ್ಕೆ ಎಣ್ಣೆ ಎಲ್ಲಿಂದ ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ತಳಿ ವಿಭಾಗದ ಮೇಡಂ, ಬಂದ ಪ್ರತಿ ಅತಿಥಿಗೂ ಅವಳ ಮೇಜಿನ ಪಕ್ಕದಲ್ಲೇ ನಿಂತು ಅದನ್ನು ವಿವರಿಸುತ್ತಿದ್ದರು. ಎಲೆ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆ ಕಾಂಡದಲ್ಲಿ ಇಳಿದು, ಹೂ ಬಾಡಿದ ಮೇಲೆ ಮಣ್ಣಿಗೆ ಚುಚ್ಚಿಕೊಳ್ಳುವ ದಾರದಂಥ ತೊಟ್ಟಿನ ಮೂಲಕ ನೆಲದೊಳಗಿನ ಕಾಯಿಗೆ ಹೋಗುತ್ತದೆ. ಬೀಜ ಬದುಕುವುದು ತಾಯಿಗಿಡ ಕಳಿಸಿದ್ದರ ಮೇಲೆ. ಮೊದಮೊದಲು ಅದರೊಳಗೆ ನೀರು, ಸಕ್ಕರೆ, ಒಂದಿಷ್ಟು ಪಿಷ್ಟ, ಅಷ್ಟೇ. ಎಳೆ ಬೀಜ ಬಾಯಿಗೆ ಸಿಹಿಯಾಗುವುದು ಅದಕ್ಕೇ. ಎಣ್ಣೆಯ ಕಾಲ ಬರುವುದು ಆಮೇಲೆ. ಬೀಜದ ಒಂದೊಂದು ಜೀವಕೋಶವೂ ಬಂದ ಸಕ್ಕರೆಯನ್ನು ಮುರಿದು ಕೊಬ್ಬಾಗಿ ಕಟ್ಟತೊಡಗುತ್ತದೆ. ಕಟ್ಟಿದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಮಾಡಿ, ಹನಿಹನಿಗೂ ಪ್ರೋಟೀನಿನ ತೆಳು ಪೊರೆ ಹೊದಿಸಿ ಕೂಡಿಡುತ್ತದೆ. ಪೊರೆ ಇಲ್ಲದಿದ್ದರೆ ಹನಿಗಳೆಲ್ಲ ಕೂಡಿ ದೊಡ್ಡ ಜಿಡ್ಡಾಗುತ್ತವೆ, ಮೊಳಕೆಗೆ ಹಸಿವಾದಾಗ ಬಿಡಿಸಿ ತೆಗೆಯಲು ಬರುವುದಿಲ್ಲ. ಬಟಾಣಿ, ತೊಗರಿ ಇದೇ ಜಾತಿಗೆ ಸೇರಿದವಾದರೂ ಪಿಷ್ಟವನ್ನೇ ತುಂಬಿಕೊಂಡು ಸುಮ್ಮನಾಗುತ್ತವೆ. ಸೋಯಾ ನಡುವಿನದು. ಕಡಲೆಕಾಯಿ ಮಾತ್ರ ಹೆಚ್ಚುಕಡಿಮೆ ಅರ್ಧ ಮೈಯನ್ನೇ ಎಣ್ಣೆ ಮಾಡಿಕೊಳ್ಳುತ್ತದೆ.

"ಎಣ್ಣೆ ಕೊನೆಗೆ ಬರೋದು," ಎಂದು ಮೇಡಂ ಮುಗಿಸುತ್ತಿದ್ದರು. ಚೂರಿಯಕ್ಕ ಪಕ್ಕದಲ್ಲಿ ಬ್ಲೇಡು ಆಡಿಸುತ್ತ ಹೂಂಗುಟ್ಟುತ್ತಿದ್ದಳು. ಬಾಯಿಪಾಠವಾದದ್ದೆಲ್ಲ ತಲೆಗೆ ಇಳಿದಿರಬೇಕೆಂದು ಎಲ್ಲಿದೆ?

ಆ ಬಾರಿಯ ಬೆಳೆ ಅವಳ ಬ್ಲೇಡಿಗೆ ಕೊನೆಯದು. ಬೀಜವನ್ನು ಕೊಯ್ಯದೆ, ಇಡಿಯಾಗಿಯೇ ಒಳಗಿಟ್ಟು ಎಣ್ಣೆ ಅಳೆಯುವ ಹೊಸ ಯಂತ್ರ ಬರುವುದಿತ್ತು. ಅವಳನ್ನು ಟ್ರೇ ತೊಳೆಯುವ ಕೋಣೆಗೆ ಹಾಕುವುದೆಂದು ತೀರ್ಮಾನವಾಗಿತ್ತು. ಅವಳಿಗೆ ಹೊಟ್ಟೆ ಉರಿದುಹೋಯಿತು. ಇಷ್ಟು ವರ್ಷ ಕೊಯ್ದ ಬೀಜಗಳನ್ನು ರಾಶಿ ಹಾಕಿದರೆ ಆ ಕೋಣೆಯ ಕಿಟಕಿ ಮುಚ್ಚೀತು. ಅದರಲ್ಲಿ ಒಂದೇ ಒಂದು ಬೀಜವೂ ತಳಿಯಾಗಿ ನಿಂತಿರಲಿಲ್ಲ. ಒಂದರಲ್ಲಿ ಎಣ್ಣೆ ಇದ್ದರೆ ಗಿಡ ರೋಗಿಷ್ಟ, ಇನ್ನೊಂದು ಗಟ್ಟಿ ಗಿಡವಾದರೆ ಬೀಜ ಜೊಳ್ಳು. ಬ್ಲೇಡು ಕೆಳಗಿಡುವ ಮೊದಲು ತನ್ನ ಕೈಯಿಂದ ಹೋದ ಒಂದಾದರೂ ಬೀಜ ಗೆಲ್ಲಬೇಕು, ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಸಿಕ್ಕಿತು ಕೂಡ. ಕೊನೆಯ ಟ್ರೇಗಳಲ್ಲಿ ಒಂದರ ಚೂರು ಯಂತ್ರಕ್ಕೆ ಹೋದಾಗ ಪರದೆಯ ಮೇಲೆ ಆ ಕೇಂದ್ರದಲ್ಲಿ ಯಾರೂ ಕಾಣದ ಅಂಕಿ ಬಂತು. ಅರ್ಧವನ್ನು ದಾಟಿ ಎಷ್ಟೋ ಮೇಲಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದ, ಎಲ್ಲರೂ ಯಂತ್ರಣ್ಣ ಎನ್ನುತ್ತಿದ್ದವನು ಕುರ್ಚಿಯಿಂದ ಎದ್ದೇ ನಿಂತ. ಮೇಡಂ ಓಡಿ ಬಂದರು. ಚೂರಿಯಕ್ಕ ಬೀಜದ ಟ್ರೇ ತೆಗೆದು ಅದೇ ಗುಳಿಗೆ ಬೆರಳಿಟ್ಟಳು. "ಇದು. ಇದೇ."

"ಅಕ್ಕಾ, ಟ್ರೇ ತಿರುಗಿದೆ ಅನ್ಸುತ್ತೆ," ಎಂದ ಯಂತ್ರಣ್ಣ.

ಅಲ್ಲಿಂದ ಶುರುವಾಯಿತು. ಟ್ರೇಯ ಒಂದು ಮೂಲೆಗೆ ಕೆಂಪು ಬಣ್ಣ ಬಳಿದಿರುತ್ತದೆ, ಆ ಮೂಲೆ ಎಡಕ್ಕೇ ಇರಬೇಕು. ಟ್ರೇ ಹಿಂದುಮುಂದಾದರೆ ಮೊದಲನೇ ಗುಳಿ ಕೊನೆಯದಾಗುತ್ತದೆ, ಚೂರು ಒಂದರದು, ಬೀಜ ಇನ್ನೊಂದರದು. ಹಳೆಯ ಟ್ರೇ ಅದು, ಬಣ್ಣ ಸವೆದು ಎರಡು ಮೂಲೆಗಳೂ ಒಂದೇ ಥರ ಕಾಣುತ್ತಿದ್ದವು. ಆ ಬೆಳಿಗ್ಗೆ ಚೂರಿಯಕ್ಕ ಅವನೊಂದಿಗೆ ಫ್ಯಾನಿನ ವಿಷಯಕ್ಕೆ ಜಗಳವಾಡುತ್ತ ಟ್ರೇಯನ್ನು ದಡಕ್ಕನೆ ಮೇಜಿನ ಮೇಲೆ ಕುಕ್ಕಿದ್ದಳು.

"ಕುಕ್ಕುವಾಗ್ಲೇ ತಿರುಗಿದ್ದು, ನಾನು ಕಣ್ಣಾರೆ ನೋಡ್ದೆ."

"ನೋಡಿದ್ರೆ ಆಗ್ಲೇ ಬಾಯಿಬಿಡೋಕೆ ಏನಾಗಿತ್ತು? ಇಷ್ಟು ವರ್ಷ ಒಂದು ಟ್ರೇ ತಿರುಗಿಸಿದೀನಾ ನಾನು?"

"ನೀವು ಬೈತಿದ್ರಲ್ಲ, ಮಧ್ಯೆ ಹೇಗೆ ಬಾಯಿಬಿಡ್ಲಿ?"

ಮೇಡಂ ಇಬ್ಬರನ್ನೂ ಸುಮ್ಮನಾಗಿಸಿದರು. ಚೂರನ್ನು ಯಂತ್ರ ನುಂಗಿಯಾಗಿತ್ತು, ಬೀಜವನ್ನು ಇನ್ನೊಮ್ಮೆ ಕೊಯ್ದರೆ ಮೊಳಕೆಗೆ ಏಟು, ಹೊಸ ಯಂತ್ರ ಬರುವವರೆಗೆ ಗಾಯದ ಬೀಜ ಉಳಿಯದು; ಮತ್ತೆ ಅಳೆಯುವ ಮಾತಿರಲಿಲ್ಲ. ಉಳಿದ ದಾರಿ ಒಂದೇ. ಚೂರಿಯಕ್ಕ ತೋರಿಸಿದ ಗುಳಿಯ ಬೀಜವನ್ನು ಒಂದು ಕುಂಡದಲ್ಲೂ ಯಂತ್ರಣ್ಣ ಹೇಳಿದ ಎದುರು ಗುಳಿಯ ಬೀಜವನ್ನು ಇನ್ನೊಂದರಲ್ಲೂ ಬಿತ್ತುವುದು. ಕಾಯಿ ಬಲಿತ ಮೇಲೆ ಎರಡನ್ನೂ ಅಳೆದರೆ ನಿಜ ಯಾವುದೆಂದು ತಿಳಿಯುತ್ತದೆ. "ಎಲೆ ಹಳದಿ ಆಗೋವರೆಗೂ ಯಾರೂ ಮಣ್ಣು ಮುಟ್ಟಬೇಡಿ," ಎಂದರು ಮೇಡಂ. ಹೇಳುವಾಗ ಅವರು ನೋಡಿದ್ದು ಚೂರಿಯಕ್ಕನ ಕಡೆಗೇ.

ಎರಡೂ ಮೊಳೆತವು. ಹೂ ಬಿಟ್ಟವು. ತೊಟ್ಟುಗಳು ಮಣ್ಣಿಗೆ ಇಳಿದವು. ಅಲ್ಲಿಂದ ಮುಂದಿನದೆಲ್ಲ ನೆಲದೊಳಗಿನ ವ್ಯವಹಾರ, ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಚೂರಿಯಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಬೆಂಡೆಯೋ ಬದನೆಯೋ ಆಗಿದ್ದರೆ ದಿನಾ ಒಂದು ಸಲ ನೋಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈ ಹಾಳು ಕಾಯಿ ಕಳ್ಳನ ಹಾಗೆ ಒಳಗೇ ಕೂತು ಏನು ಮಾಡುತ್ತಿದೆಯೋ! ಅಷ್ಟರಲ್ಲಿ ಅವಳನ್ನು ಹಾಕಿದ್ದ ಟ್ರೇ ತೊಳೆಯುವ ಕೋಣೆಯಿಂದ ಕುಂಡಗಳಿದ್ದ ಗಾಜಿನ ಮನೆಗೆ ಅವಳು ಓಡಾಡಿದ್ದೇ ಓಡಾಡಿದ್ದು. ಅವಳು ಬಾಗಿಲು ದೂಡಿದಾಗಲೆಲ್ಲ ಯಂತ್ರಣ್ಣ, "ಏನಕ್ಕಾ, ಫೋನ್ ಬಂತಾ ಒಳಗಿಂದ?" ಎಂದು ಕೇಳುತ್ತಿದ್ದ. ಅವನ ಆ ನಗುವನ್ನು ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ತಾನು ತೋರಿಸಿದ ಕುಂಡವೇ ಗೆಲ್ಲಬೇಕು, ಅವನು ಬಾಯಿ ಮುಚ್ಚಬೇಕು. ಬೀಜ ಗೆಲ್ಲಲಿ ಎಂಬ ಆಸೆ ಯಾವಾಗ ತಾನು ಗೆಲ್ಲಲಿ ಎಂಬ ಆಸೆಯಾಯಿತೋ ಅವಳಿಗೇ ತಿಳಿಯಲಿಲ್ಲ.

ಒಂದು ಸಂಜೆ ಯಾರೂ ಇಲ್ಲದಾಗ ಎರಡೂ ಕುಂಡಗಳ ಅಂಚಿನಲ್ಲಿ ಬೆರಳು ತೂರಿಸಿ ಒಂದೊಂದು ಕಾಯಿ ಕಿತ್ತಳು. ಚೀಲದ ಆಚೀಚೆ ಜೇಬುಗಳಲ್ಲಿ ಬೇರೆಬೇರೆ ಇಟ್ಟುಕೊಂಡು ನೇರ ಗಂಡನ ಅಂಗಡಿಗೆ ಹೋದಳು. ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಅಳತೆ ಕತ್ತರಿಸುವ ಕಂದು ಕಾಗದದ ಸುರುಳಿ, ಗುಂಡಿಗಳ ಡಬ್ಬಿ. ಕಾಗದದ ತುಂಡಿನ ಮೇಲೆ ಬೀಜ ಇಟ್ಟು ಚಮಚದ ಹಿಂಭಾಗದಿಂದ ಅರೆದು, ಮೇಲೆ ಇಸ್ತ್ರಿ ಆಡಿಸಿದಳು. ನೀರಿನ ಕಲೆಯಾದರೆ ಬಿಸಿಗೆ ಆರಿಹೋಗುತ್ತದೆ. ಎಣ್ಣೆಯದಾದರೆ ಕಾಗದ ಗಾಜಿನ ಹಾಗೆ ಬೆಳಕು ಬಿಡುತ್ತದೆ.

"ಏ, ಗಿರಾಕಿ ಬಟ್ಟೆ ಮುಟ್ಟೋ ಇಸ್ತ್ರಿ ಅದು! ಒಂದು ಹನಿ ಎಣ್ಣೆ ತಾಗಿದ್ರೆ ನಾನು ಊರು ಬಿಡ್ಬೇಕಾಗುತ್ತೆ," ಎಂದ ದರ್ಜಿ.

"ಬಿಡಿ, ಆಗಲಾದ್ರೂ ಬೇಗ ಹೊರಡ್ತೀರೇನೋ ನೋಡೋಣ."

ಆ ಸಲ ಎರಡೂ ಕಲೆಗಳು ಆರಿಹೋದವು. ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಕಿತ್ತಳು. ಆಗ ಕಂಡಿತು. ಅವಳ ಕುಂಡದ ಬೀಜ ಅರೆದ ಕಾಗದದಲ್ಲಿ ದೀಪದ ಬೆಳಕು ಆಚೆಯಿಂದ ಈಚೆಗೆ ಬಂತು. ಯಂತ್ರಣ್ಣನ ಕುಂಡದ ಕಾಗದ ಇಸ್ತ್ರಿಯ ಬಿಸಿಗೆ ಒಣಗಿ ಮೊದಲಿನ ಹಾಗೇ ಆಯಿತು. ಚೂರಿಯಕ್ಕ ಎರಡೂ ಕಾಗದಗಳನ್ನು ಬಲ್ಬಿಗೆ ಹಿಡಿದು ಗಂಡನಿಗೆ ತೋರಿಸಿದಳು.

"ನೋಡಿ! ನಾನು ಹೇಳಿದ್ದೇ ಸರಿ!"

ದರ್ಜಿ ಕನ್ನಡಕ ಮೇಲೆ ಸರಿಸಿ ನೋಡಿದ. "ಕೆಲವರು ಕಚ್ಚಾ ಹೊಲಿಗೆ ಹಾಕಿದ ತಕ್ಷಣ ಬಂದು ತೊಟ್ಟು ನೋಡಿ, ತೋಳು ಗಿಡ್ಡ ಅಂತ ಜಗಳಕ್ಕೆ ನಿಲ್ತಾರೆ. ಇದೂ ಹಾಗೇ ಕಾಣುತ್ತಪ್ಪ."

"ನಿಮ್ಮ ಹೊಲಿಗೆ ಮುಗಿಯೋವರೆಗೆ ಕಾದವರು ಮುದುಕರಾಗ್ತಾರೆ," ಎಂದು ಅವನ ಬಾಯಿ ಮುಚ್ಚಿಸಿದಳು. ಒಂದೊಂದು ಕಾಯಿಯಲ್ಲೂ ಎರಡೆರಡು ಬೀಜ ಇದ್ದವು, ಅರೆದದ್ದು ಒಂದೊಂದನ್ನೇ. ಅವಳ ಕೈ ತನ್ನಷ್ಟಕ್ಕೆ ಉಳಿದ ಬೀಜಗಳನ್ನು ಆಯಾ ಕಾಗದದಲ್ಲೇ ಸುತ್ತಿ ಗುಂಡಿಗಳ ಡಬ್ಬಿಯಲ್ಲಿ ಹಾಕಿತು. ಹಾಕಿದ್ದು ಅವಳ ನೆನಪಿನಲ್ಲೂ ನಿಲ್ಲಲಿಲ್ಲ, ಅಷ್ಟು ಖುಷಿಯಲ್ಲಿದ್ದಳು.

ಮರುದಿನದಿಂದ ಅವಳ ನಡಿಗೆಯೇ ಬದಲಾಯಿತು. ಕಾಯಿ ಕಿತ್ತದ್ದನ್ನು ಹೇಳುವಂತಿಲ್ಲ, ಆದರೂ ಯಂತ್ರಣ್ಣನ ಮುಂದೆ ಎದೆ ಸೆಟೆಸಿ ಓಡಾಡಿದಳು. ತನ್ನ ಕುಂಡವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಇನ್ನೊಂದಕ್ಕೆ ನೀರು ಹಾಕಿದರೆ ಹಾಕಿದಳು, ಇಲ್ಲದಿದ್ದರೆ ಇಲ್ಲ. ಆ ವಾರ ಮೇಡಂ ಹೊಸ ಯಂತ್ರ ತರಲು ಬೇರೆ ಊರಿಗೆ ಹೋದರು. ಗಾಜಿನ ಮನೆಯ ಮಾಲಿ ಹೊಸ ಸಸಿಗಳಿಗೆ ಜಾಗ ಸಾಲದೆ ಗೊಣಗುತ್ತ, "ಈ ಕಡಲೆಕಾಯಿ ಕುಂಡದಲ್ಲಿ ಯಾವುದನ್ನಾದ್ರೂ ತೆಗೀಬಹುದೇನಕ್ಕಾ?" ಎಂದು ಕೇಳಿದ.

"ಅದನ್ನ ತೆಗಿ. ಅದರಲ್ಲಿ ಬರೀ ನೀರು."

ಮಾಲಿ ಅನುಮಾನಿಸಿದ. ಅನುಮಾನಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತಾನೇ ಹೋಗಿ ಗಿಡವನ್ನು ಬುಡಸಮೇತ ಕಿತ್ತು, ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದು ಕೈ ಕೊಡವಿಕೊಂಡಳು. ಗಿಡ ಇನ್ನೂ ಹಚ್ಚಹಸಿರಾಗಿತ್ತು. ತನ್ನ ಕುಂಡದ ಎಲೆಗಳಾಗಲೇ ಅಂಚಿನಲ್ಲಿ ಹಳದಿಯಾಗುತ್ತಿದ್ದವು. ಅದನ್ನು ಅವಳು ನೋಡಿದಳು, ಮುಂದಿನ ಯೋಚನೆ ಮಾಡಲಿಲ್ಲ.

ಮೇಡಂ ವಾಪಸು ಬಂದ ಮೇಲೆ ಬಲಿತ ಕಾಯಿ ಕಿತ್ತು ಒಣಗಿಸಿ, ಹೊಸ ಯಂತ್ರದಲ್ಲಿ ಅವಳ ಕುಂಡದ ಬೀಜಗಳನ್ನು ಒಂದೊಂದಾಗಿ ಇಟ್ಟರು. ಪರದೆಯ ಮೇಲೆ ಬಂದದ್ದು ದಿನಾ ಬರುವ ಅಂಕಿ. ಇನ್ನೊಂದು ಬೀಜ, ಅದೇ. ಮತ್ತೊಂದು, ಅದೇ. ಪೇಟೆಯಲ್ಲಿ ಸಿಗುವ ಯಾವ ಕಡಲೆಬೀಜಕ್ಕಿಂತಲೂ ಹೆಚ್ಚಿರಲಿಲ್ಲ.

"ಹಾಗಾದ್ರೆ ಟ್ರೇ ತಿರುಗಿದ್ದು ನಿಜ," ಎಂದರು ಮೇಡಂ, ಮುಖ ಅರಳಿಸಿ. "ಇನ್ನೊಂದು ಕುಂಡನೇ ನಮ್ಮದು. ತನ್ನಿ ಅದನ್ನ."

ಚೂರಿಯಕ್ಕ ಹೇಳಲೇಬೇಕಾಯಿತು: ಬೆರಳು ತೂರಿಸಿದ್ದು, ಕಾಗದ, ಇಸ್ತ್ರಿ, ಗೊಬ್ಬರದ ಗುಂಡಿ. ಯಂತ್ರಣ್ಣ ತಲೆ ತಗ್ಗಿಸಿ ವೈರು ಸುತ್ತುತ್ತ ಕೂತ. ಅವನು ಒಂದು ಮಾತಾದರೂ ಆಡಿದ್ದರೆ ಅವನ ಮೇಲೆ ಹರಿಹಾಯಬಹುದಿತ್ತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. "ಒಂದು ಬೇಗ ಶುರು ಮಾಡಿ ಬೇಗ ನಿಲ್ಲಿಸುತ್ತೆ," ಎಂದರು ನಿಧಾನವಾಗಿ. "ಇನ್ನೊಂದು ತಡವಾಗಿ ಶುರು ಮಾಡಿ ತುಂಬಾ ದಿನ ತುಂಬ್ತಾ ಹೋಗುತ್ತೆ. ನೀವು ನೋಡಿದಾಗ ಅದು ಇನ್ನೂ ಶುರುನೇ ಮಾಡಿರಲಿಲ್ಲ." ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕಿಟಕಿಯ ಕಡೆ ತಿರುಗಿದರು. ಅವರ ವಯಸ್ಸಿನ ಅರ್ಧ ಈ ಹುಡುಕಾಟದಲ್ಲೇ ಕಳೆದಿತ್ತೆಂಬುದು ಚೂರಿಯಕ್ಕನಿಗೆ ಆಗ ಹೊಳೆಯಿತು.

ಗೊಬ್ಬರದ ಗುಂಡಿಯನ್ನು ಅವಳು ಬರಿಗೈಯಲ್ಲಿ ಕೆದಕಿದಳು. ಸಿಕ್ಕಿದ್ದು ಕಪ್ಪಾಗಿ ಕೊಳೆತ ಬೇರು, ಮುಟ್ಟಿದರೆ ಪಿಚಕ್ಕೆನ್ನುವ ಸಿಪ್ಪೆಗಳು. ಮಂಡಿಯೂರಿ ಕೂತು ತನಗೆ ತಾನೇ ಬಾಯಿಗೆ ಬಂದಂತೆ ಬೈದುಕೊಂಡಳು. ಇಷ್ಟು ವರ್ಷ ಬಾಗಿಲಿಗೆ, ಬಸ್ಸಿಗೆ, ಗಂಡನಿಗೆ, ಹಾಲಿಗೆ ಬೈದ ಬೈಗುಳವೆಲ್ಲ ಒಟ್ಟಿಗೆ ಅವಳಿಗೇ ವಾಪಸು ಬಂತು. ಕೊನೆಗೆ ಅಳು ಬಂತು, ಅದಕ್ಕೂ ಕೋಪ ಬಂತು.

ಅಂಗಡಿಗೆ ಹೋದಾಗ ಅವಳ ಉಗುರಿನ ತುಂಬ ಕೆಸರು. ದರ್ಜಿ ಸ್ಟೂಲು ಎಳೆದು ಕೂರಿಸಿದ. ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಹೊಲಿಗೆ ಯಂತ್ರ ತುಳಿಯಲಿಲ್ಲ. ಆಮೇಲೆ, ಎಂದಿನ ನಿಧಾನದಲ್ಲಿ, "ಮೊನ್ನೆ ಕೋಟಿಗೆ ಗುಂಡಿ ಹುಡುಕುವಾಗ ಏನೋ ಪೊಟ್ಟಣ ಸಿಕ್ತು. ನಿಂದೇ ಇರ್ಬೇಕು ಅಂತ ಹಾಗೇ ಬಿಟ್ಟೆ," ಎಂದ.

"ಅದನ್ನ ಮೊದಲು ಹೇಳೋಕೇನು ನಿಮಗೆ!" ಎಂದು ಕಿರುಚಿ ಡಬ್ಬಿಯನ್ನೇ ಮೇಜಿನ ಮೇಲೆ ಮಗುಚಿದಳು. ಗುಂಡಿಗಳು ನೆಲದ ತುಂಬ ಉರುಳಿದವು. ಎರಡು ಪೊಟ್ಟಣಗಳು. ಒಂದರ ಕಾಗದದಲ್ಲಿ ಎಣ್ಣೆಯ ಕಲೆ, ಅದನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದು ಕಾಗದದಲ್ಲಿ ಯಾವ ಕಲೆಯೂ ಇರಲಿಲ್ಲ. ಬಿಚ್ಚಿದಾಗ ಒಳಗೆ ಒಂದು ಬೀಜ ಇತ್ತು, ಬಾಡಿ ಸುಕ್ಕುಗಟ್ಟಿ, ಎಳೆತನದಲ್ಲೇ ತಾಯಿಯಿಂದ ಬಿಡಿಸಿಕೊಂಡದ್ದು. ಅದು ಮುಂದೆ ತುಂಬಿಕೊಳ್ಳುವಂತಿರಲಿಲ್ಲ. ಮೊಳಕೆಯ ಮೂಗು ಮಾತ್ರ ಸಣ್ಣದಾಗಿ ಇದ್ದ ಹಾಗೆ ಕಾಣಿಸಿತು.

ಮೇಡಂ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮೊಳಕೆ ಮೊದಲು ತಿನ್ನೋದು ಒಳಗೆ ಕೂಡಿಟ್ಟಿದ್ದನ್ನೇ. ಇದರ ಹತ್ರ ಕೂಡಿಟ್ಟಿದ್ದು ಏನೂ ಇಲ್ಲ. ಬಂದ್ರೆ ಬಂತು," ಎಂದು ಬೀಜವನ್ನು ಅವಳ ಅಂಗೈಗೇ ಹಾಕಿದರು. "ನೀವೇ ಬಿತ್ತಿ."

ಬಿತ್ತಿದಳು. ಒಂದು ವಾರ ಏನೂ ಇಲ್ಲ. ಎರಡನೇ ವಾರವೂ ಇಲ್ಲ. ಮಣ್ಣು ಕೆದಕದಿರಲು ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಬೇರೆಯವರ ಬೀಜಗಳೆಲ್ಲ ಎಲೆ ಬಿಟ್ಟ ಮೇಲೆ, ಒಂದು ಬೆಳಿಗ್ಗೆ ಆ ಕುಂಡದ ಮಣ್ಣು ಬಿರುಕು ಬಿಟ್ಟಿತ್ತು. ಸೊಟ್ಟಗೆ ಬಂತು, ಬಡಕಲಾಗಿ ಬಂತು, ಆದರೂ ಬಂತು. ತಿಂಗಳುಗಳ ಮೇಲೆ ಹೂ ಬಿಟ್ಟು, ದಾರದಂಥ ತೊಟ್ಟುಗಳು ಮಣ್ಣಿನ ಕಡೆಗೆ ಬಾಗಿದವು.

ಅವತ್ತೇ ಅವಳು ಗಾಜಿನ ಮನೆಗೆ ಬೀಗ ಜಡಿದು, ಕೀಲಿ ತಂದು ಯಂತ್ರಣ್ಣನ ಮೇಜಿನ ಮೇಲೆ ಇಟ್ಟಳು. ಗಿಡ ಕಿತ್ತೆಸೆದದ್ದು ಬಯಲಾದ ದಿನದಿಂದ ಅವರಿಬ್ಬರಿಗೂ ಮಾತು ನಿಂತುಹೋಗಿತ್ತು.

"ಇದು ನಿನ್ನ ಹತ್ರ ಇರ್ಲಿ. ಮಾಲಿ ನೀರು ಹಾಕುವಾಗ ಅವನಿಗೆ ಕೊಡು. ನಾನು ಕೇಳಿದ್ರೆ ಕೊಡ್ಬೇಡ."

"ಕೇಳ್ತೀರಾ ಅಕ್ಕಾ?"

"ಕೇಳ್ತೀನಿ. ಬೈತೀನಿ ಕೂಡ. ಆದ್ರೂ ಕೊಡ್ಬೇಡ." ಬಾಗಿಲವರೆಗೆ ಹೋದವಳು ತಿರುಗಿದಳು. "ಟ್ರೇ ನಾನೇ ತಿರುಗಿಸಿದ್ದು."

ಮರುದಿನ ಬೆಳಿಗ್ಗೆ ಯಂತ್ರಣ್ಣ ಸೈಕಲ್ಲಿಗೆ ಸ್ಟ್ಯಾಂಡು ಹಾಕುವ ಮೊದಲೇ ಅವಳು ಅಲ್ಲಿ ಕೈ ಚಾಚಿ ನಿಂತಿದ್ದಳು.

"ಕೀಲಿ ಕೊಡು."

"ಕೊಡಲ್ಲ ಅಕ್ಕಾ."

ಅವಳು ಹಲ್ಲು ಕಡಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಟ್ರೇ ತೊಳೆಯಲು ಹೋದಳು.